ದಿಣ್ಣೆ ಮೇಲಿನ ವಾಲ್ವು

ನಾನು ಹೇಳೋದು ಸುಳ್ಳು ಅನ್ನಿಸಿದರೆ ಚನ್ನಪಟ್ಟಣದಲ್ಲಿ ಬಸ್ಸಿಳಿದು ನಮ್ಮೂರಿಗೆ ಬನ್ನಿ, ನನ್ನ ಮುಖ ನೋಡಿಕೊಂಡು ಸುಳ್ಳು ಅನ್ನಿ. ಅನ್ನೋಕಾಗಲ್ಲ. ರಾಮನಗರ ಬೆಳೀತಾ ಇದೆ, ಅದಕ್ಕೆ ಹೊಳೆ ನೀರು ಬೇಕು. ಆ ನೀರಿನ ದೊಡ್ಡ ಪೈಪು ಹೂತವರಲ್ಲಿ ನಾನೊಬ್ಬ. ಜಾಯಿಂಟ್ ಕೂರಿಸೋದರಲ್ಲಿ ನನ್ನ ಸಮ ಈ ನಾಲ್ಕು ತಾಲ್ಲೂಕಲ್ಲಿ ಯಾರೂ ಇಲ್ಲ. ನಮ್ಮೂರ ಬೋರಿನ ನೀರು ಕುಡಿದವರ ಹಲ್ಲು ಕಂದು. ಅದಕ್ಕೇ ನಮ್ಮವ್ವ ಪಕ್ಕದೂರಿಂದ ಫಿಲ್ಟರ್ ನೀರು ಹೊರುತ್ತಿದ್ದಳು. ನಮ್ಮೂರಿಗೆ ಒಂದು ನಲ್ಲಿ ತರುತ್ತೇನೆ ಅಂತ ಅವಳಿಗೆ ಮಾತು ಕೊಟ್ಟು ಈ ಕೆಲಸಕ್ಕೆ ಸೇರಿದೆ. ಪೈಪಿನ ಕೆಲಸದಲ್ಲಿ ನಗೋಕೆ ಏನಾದರೂ ಆಗುತ್ತಲೇ ಇರುತ್ತದೆ. ಅತ್ತರೂ ಯಾರೂ ಕೇಳಲ್ಲ ಅಂತಲೋ ಏನೋ.

೧. ಕುರಿಗಳ ಪರೀಕ್ಷೆ

ಒಂದು ಮಧ್ಯಾಹ್ನ ನಾವು ಊಟಕ್ಕೆ ಕೂತಿದ್ದಾಗ, ಮುಚ್ಚಳ ಹಾಕದ ಪೈಪಿನ ಬಾಯೊಳಗೆ ಒಂದು ಕುರಿ ನೆರಳಿಗೆ ಅಂತ ನುಗ್ಗಿತು. ಒಂದು ನುಗ್ಗಿದ ಮೇಲೆ ಮಂದೆಯೆಲ್ಲ ನುಗ್ಗಿತು. ಕುರಿ ಮೇಯಿಸುವ ಅಣ್ಣ ತಲೆ ಮೇಲೆ ಕೈ ಹೊತ್ತ. ನಾನು ಜೋಡಿಸಿದ ಪೈಪು, ಉಣ್ಣೆಯ ಎಳೆಯೂ ಸಿಕ್ಕಿಕೊಳ್ಳಲ್ಲ, ಆ ತುದಿಗೆ ನಡಿ ಅಂತ ಕರೆದುಕೊಂಡು ಹೋದೆ. ಎರಡು ಹೊಲ ದಾಟಿದ ಮೇಲೆ ಇನ್ನೊಂದು ಬಾಯಿ. ಒಂದೊಂದಾಗಿ ಈಚೆ ಬಂದವು. ಆತ ಎರಡೆರಡು ಸಲ ಎಣಿಸಿ ಗಂಭೀರವಾಗಿ ಹೇಳಿದ:

"ನಲವತ್ತೊಂದೂ ಬಂದವೆ. ನೀರಿನ ಕತೆ ನಂಗೊತ್ತಿಲ್ಲ ಕಣಪ್ಪ, ನಿನ್ನ ಪೈಪಲ್ಲಿ ಕುರಿ ಮಾತ್ರ ಸೋರಾಕಿಲ್ಲ."

೨. ಬಂಡೆಗೆ ಸೋತ ನಕ್ಷೆ

ಮುಂದೆ ನಕ್ಷೆಯಲ್ಲಿದ್ದ ದಾರಿಗೆ ಬಂಡೆ ಅಡ್ಡ ಬಂತು. ಒಂದು ವಾರ ಅಗೆದರೂ ಜೆಸಿಬಿ ಹಲ್ಲು ಮುರಿದದ್ದೇ ಬಂತು. ಇಂಜಿನಿಯರು ಬೇರೆ ಜಿಲ್ಲೆಯವರು, ಬಿಸಿಲಲ್ಲಿ ಬಾಡಿ ನಿಂತಿದ್ದರು. ನಮ್ಮೂರ ದಿಣ್ಣೆ ಮೇಲೆ ತಗೊಂಡು ಹೋಗಿ ಸಾರ್, ಅಲ್ಲಿ ಬರೀ ಕೆಮ್ಮಣ್ಣು ಅಂದೆ. ನಿನಗೆ ಹೇಗೆ ಗೊತ್ತು ಅಂದರು.

"ನಮ್ಮನೆ ನಾಲ್ಕು ಎತ್ತು ಅಲ್ಲೇ ಮಲಗವೆ ಸಾರ್. ಹೂಳೋಕೆ ಆಳುದ್ದ ತೋಡಿದರೂ ಒಂದು ಕಲ್ಲು ಸಿಕ್ಕಿಲ್ಲ."

ತೋಡಿಸಿ ನೋಡಿದರು. ನಾನು ಹೇಳಿದ್ದೇ ನಿಜವಾಯಿತು. ದಿಣ್ಣೆಯ ನೆತ್ತಿಯ ಮೇಲೆ ಒಂದು ಸೊನ್ನೆ ಬರೆದು, ಇಲ್ಲೊಂದು ವಾಲ್ವು ಬರುತ್ತೆ ಅಂದರು. ನಲ್ಲಿ ಬಂದಂಗೇ ಅಂದುಕೊಂಡೆ. ಎಂಥ ವಾಲ್ವು ಅಂತ ಕೇಳಲಿಲ್ಲ, ಕೇಳಿದರೆ ಗೊತ್ತಿಲ್ಲ ಅಂತ ಆಗುತ್ತಲ್ಲ. ಕೊನೆಗೆ ಅವರು ದಾರಿ ಬದಲಿಸಿದ್ದಕ್ಕೆ ಕಾರಣ ಏನು ಬರೆಯಲಿ ಅಂತ ಯೋಚಿಸಿದರು. ಎತ್ತು ಅಂತ ಬರೀರಿ ಸಾರ್ ಅಂದೆ.

೩. ಬರದ ನೀರಿಗೆ ಸರದಿ

ನಲ್ಲಿ ಬರುತ್ತೆ ಅಂತ ನಾನು ಊರಿಗೆಲ್ಲ ಹೇಳಿದೆ. ಹೊಲದ ಅಂಚು ಅಗೆದರೂ ಯಾರೂ ತಕರಾರು ತೆಗೆಯಲಿಲ್ಲ. ವಾಲ್ವಿನ ಸುತ್ತ ಸಿಮೆಂಟಿನ ತೊಟ್ಟಿ ಕಟ್ಟಿದ ಮಾರನೇ ಬೆಳಿಗ್ಗೆಗೇ ಅದರ ಮುಂದೆ ಬಿಂದಿಗೆ ಸಾಲು. ನೀರು ಬರೋಕೆ ಇನ್ನೂ ತಿಂಗಳುಗಟ್ಟಲೆ ಇತ್ತು. ಒಬ್ಬರ ಬಿಂದಿಗೆಯನ್ನು ಇನ್ನೊಬ್ಬರು ಹಿಂದಕ್ಕೆ ಸರಿಸಿ, ಎರಡು ಮನೆಯವರು ಮಾತು ಬಿಟ್ಟರು. ಹಿರಿಯರು ಕೂತು ಸರದಿ ಗೊತ್ತು ಮಾಡಿದರು. ಮೊದಲನೆಯದು ನಮ್ಮವ್ವನದು, ಪೈಪು ಹಾಕಿದವನನ್ನು ಹೆತ್ತವಳು ಅಂತ. ಬಾಣಂತನಕ್ಕೆ ತವರಿಗೆ ಹೊರಟ ಒಬ್ಬಾಕೆಯಂತೂ ತನ್ನ ಸರದಿಯನ್ನು ನಾಲ್ಕು ಜನರ ಮುಂದೆ ನಾದಿನಿಗೆ ವಹಿಸಿ ಬಸ್ಸು ಹತ್ತಿದಳು.

೪. ನೀರು ಬಿಟ್ಟ ದಿನ

ಊರೆಲ್ಲ ದಿಣ್ಣೆ ಮೇಲೆ ಸೇರಿತ್ತು. ವಾಲ್ವಿಗೆ ಅರಿಶಿನ, ಕುಂಕುಮ, ಚೆಂಡು ಹೂವು. ನಾನು ಹೊಸ ಶರ್ಟು ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದೆ. ಬುಸ್ ಅಂತ ಸದ್ದು ಬಂತು. ಹೂವು ನನ್ನ ಮುಖಕ್ಕೆ ಹಾರಿತು, ಅವ್ವನ ಸೆರಗು ಹಾರಿತು. ಬರೀ ಗಾಳಿ. ಬಹಳ ಹೊತ್ತು ಬೀಸಿ, ಟಕ್ ಅಂತ ತಾನೇ ಮುಚ್ಚಿಕೊಂಡಿತು. ಪೈಪು ಎತ್ತರಕ್ಕೆ ಏರಿದ ಕಡೆ ಒಳಗಿನ ಗಾಳಿ ಬಿಡೋಕೆ ಇರುವ ವಾಲ್ವು ಇದು, ನೀರು ಕೊಡೋಕಲ್ಲ ಅಂತ ಇಂಜಿನಿಯರು ಮೆಲ್ಲಗೆ ಹೇಳಿದರು. ನೀರು ನಮ್ಮ ಕಾಲಡಿಯಲ್ಲೇ ರಾಮನಗರಕ್ಕೆ ಹೋಯಿತು.

ಊರಿಗೆಲ್ಲ ಹಿರಿಯಳಾದ ಅಜ್ಜಿ ನನ್ನ ಭುಜ ಮುಟ್ಟಿ ಕೇಳಿದಳು: "ಗಾಳಿ ನಮ್ಮೂರಲ್ಲಿ ಮೊದ್ಲೇ ಇತ್ತಲ್ಲ ಮಗ. ಇದನ್ನ ತರಾಕೆ ಎರಡು ವರ್ಸ ಅಗೆದ್ಯಾ?"

ಜನ ಬಿದ್ದು ಬಿದ್ದು ನಕ್ಕರು. ಅವ್ವ ನಗಲಿಲ್ಲ. ಖಾಲಿ ಬಿಂದಿಗೆ ಎತ್ತಿಕೊಂಡು ಪಕ್ಕದೂರಿನ ದಾರಿ ಹಿಡಿದಳು.

ಒಂದು ನಲ್ಲಿ ಕೊಡಿಸಿ ಅಂತ ಇಂಜಿನಿಯರ ಹಿಂದೆ ಬಿದ್ದೆ. ಪಟ್ಟಣದ ಪೈಪಿಗೆ ನಡುವೆ ಕೈ ಹಾಕುವಂತಿಲ್ಲ, ತನ್ನ ಕೈಯಲ್ಲಿಲ್ಲ ಅಂದರು. ಆಮೇಲೆ ಒಂದು ಬೆಳಿಗ್ಗೆ ಆ ವಾಲ್ವಿನ ಬೋಲ್ಟು ಸಡಿಲವಾಗಿ ನೀರು ಚಿಮ್ಮುತ್ತಿತ್ತು. ಸಡಿಲ ಮಾಡಿದ್ದು ಯಾರು ಅಂತ ನಾನು ಹೇಳಲ್ಲ; ಕಲಿತ ಕೈ, ಅಷ್ಟೇ. ಊರೆಲ್ಲ ತುಂಬಿಕೊಂಡಿತು. ಅವ್ವ ಮೂರು ದಿನ ಪಕ್ಕದೂರಿಗೆ ಹೋಗಲಿಲ್ಲ.

ನಾಲ್ಕನೇ ದಿನ ಕಂಟ್ರಾಕ್ಟರ ಕಡೆಯವರು ಬಂದು ಬೋಲ್ಟು ಬಿಗಿದು, ಕಬ್ಬಿಣದ ಮುಚ್ಚಳ ಹಾಕಿಸಿದರು. ಕೆಲಸ ಗೊತ್ತಿರುವ, ಊರವರ ಮುಖ ಗೊತ್ತಿರುವ ಒಬ್ಬ ಬೇಕು ಅಂದರು. ನನ್ನನ್ನೇ ಕರೆದರು. ಒಂದು ಖಾಕಿ ಅಂಗಿ, ಒಂದು ಸೀಟಿ, ಆ ಮುಚ್ಚಳದ ಬೀಗದ ಕೈ, ಜೊತೆಗೆ ನಮ್ಮೂರವರು ನೀರು ಕದಿಯದ ಹಾಗೆ ಕಾಯುವ ಕೆಲಸ ಕೊಟ್ಟರು.