ತಣ್ಣೀರಿನಲ್ಲಿಟ್ಟ ಬೀಟ್‌ರೂಟ್

ಎಲ್ಲ ರಾಮಾಯಣಕ್ಕೂ ಕಾರಣ ಒಂದು ಬೀಟ್‌ರೂಟ್. ಪೋಲೆಂಡಿನ ಜಾಮೋಶ್ಚ್ ಊರಿನ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ಟೆಯೋಫಿಲ್ ಮೇಷ್ಟ್ರಿಗೆ ಇದ್ದದ್ದು ಒಂದೇ ಆಸೆ: ಈ ಜನವರಿಯ ಚಳಿಯಲ್ಲಿ ತಮ್ಮ ಪ್ರಯೋಗಶಾಲೆಗೊಂದು ಹೀಟರ್.

"ಮೊದ್ಲು ಒಂದು ಪ್ರಯೋಗ ನೆಟ್ಟಗೆ ಮಾಡಿ ತೋರಿಸಿ. ಮಧ್ಯಾಹ್ನ ಬರ್ತೀನಿ. ಕೆಟ್ರೆ ಆ ಕೋಣೆಗೇ ಬೀಗ," ಎಂದಿದ್ದರು ಹೆಡ್‌ಮಿಸ್ ಕುನೆಗುಂಡಾ.

ಜೀವಕೋಶದ ಪೊರೆ ಯಾವಾಗ ಸೋರುತ್ತದೆ ಎಂಬುದೇ ಪ್ರಯೋಗ. ಮೇಷ್ಟ್ರು ಬೀಟ್‌ರೂಟ್ ಬಿಲ್ಲೆಗಳನ್ನು ಚೆನ್ನಾಗಿ ತೊಳೆದು, ಒಂದನ್ನು ತಣ್ಣೀರಿನ ಲೋಟಕ್ಕೆ, ಇನ್ನೊಂದನ್ನು ಬಿಸಿನೀರಿನ ಲೋಟಕ್ಕೆ ಹಾಕಿದರು. ತಣ್ಣಗಿದ್ದರೆ ಪೊರೆ ಗಟ್ಟಿ, ಬಣ್ಣ ಒಳಗೇ ಉಳಿಯುತ್ತದೆ. ಬಿಸಿ ತಾಕಿದರೆ ಪೊರೆ ಕೆಟ್ಟು ನೀರೆಲ್ಲ ಕೆಂಪು. ಸೀಮೆಸುಣ್ಣ ತರಲು ಹೋಗಿ ಬರುವಷ್ಟರಲ್ಲಿ ಎರಡೂ ಲೋಟಗಳು ಕೆಂಪಗಾಗಿದ್ದವು!

ಶಾಲೆಯ ಅಡುಗೆಯ ಗೆನೊವೆಫಕ್ಕ ವಿನೆಗರ್ ಬಾಟಲಿ ಹಿಡಿದು ನಿಂತಿದ್ದಳು. "ಈ ಲೋಟ ಪಾಪ ಬಿಳಿಚ್ಕೊಂಡಿತ್ತು ಮೇಷ್ಟ್ರೇ. ಬೀಟ್‌ರೂಟ್ ಸಾರಿಗೆ ಹುಳಿ ಬೇಡ್ವಾ? ಒಂದು ಸೌಟು ಹುಯ್ದೆ, ನೋಡಿ ಹೆಂಗೆ ಕಳೆ ಬಂತು!"

"ಅಕ್ಕಾ, ಹುಳಿ ತಾಕಿದ್ರೂ ಪೊರೆ ಕೆಡುತ್ತೆ! ಅದು ಸಾರಲ್ಲ, ಪ್ರಯೋಗ!"

"ಮದುವೆಯಾಗ್ದಿರೋ ಗಂಡಸ್ರು ಮಾಡೋ ಅಡುಗೆಗೆಲ್ಲ ಅದೇ ಹೆಸರು ಬಿಡಿ."

ಮೇಷ್ಟ್ರು ಹಲ್ಲು ಕಚ್ಚಿ ಮತ್ತೆ ಬಿಲ್ಲೆ ಕತ್ತರಿಸಿದರು. ಆ ನೀರು ಚೆಲ್ಲಿ ಬರುವಷ್ಟರಲ್ಲಿ ಇತಿಹಾಸದ ವಾಲೆಂಟಿ ಮೇಷ್ಟ್ರು ತಣ್ಣೀರಿನ ಲೋಟವನ್ನು, ಪ್ರಯೋಗದ ನೀರು ಕಾಯಿಸುವ ಪುಟ್ಟ ಒಲೆಯ ಮೇಲಿಟ್ಟು ಕೈ ಕಾಯಿಸುತ್ತಿದ್ದರು. "ಈ ಚಳೀಲಿ ತಣ್ಣೀರು ಕುಡಿದ್ರೆ ಗಂಟಲು ಕಟ್ಟುತ್ತೆ ಕಣಯ್ಯಾ."

"ಆಚೆ ನಡೀರಿ ಎಲ್ರೂ! ಇವತ್ತು ಆಗ್ಲೇಬೇಕು!"

ಮೂರನೇ ಸಲ ಬಾಗಿಲಿಗೆ ಚಿಲಕ ಹಾಕಿ, ಮೂಗು ಸೋರಿದರೂ ಒರೆಸಿಕೊಳ್ಳದೆ ಕಾದರು. ಹೆಡ್‌ಮಿಸ್ ಬಂದಾಗ ಒಂದು ಲೋಟ ತಿಳಿಯಾಗಿತ್ತು, ಇನ್ನೊಂದು ಕಡುಗೆಂಪು. ಟೆಯೋಫಿಲ್ಲರಿಗೆ ಕುಣಿಯುವಷ್ಟು ಸಂತೋಷವಾಯಿತು.

"ಅಂದ್ರೆ, ತಣ್ಣಗಿದ್ರೆ ಕೋಶ ಕ್ಷೇಮ, ಬಿಸಿಯಾದ್ರೆ ಹಾಳು?"

"ಹೌದು ಮೇಡಂ, ಕಣ್ಣಾರೆ ನೋಡ್ತಿದ್ದೀರಲ್ಲ!"

"ಮನುಷ್ಯನ ಮೈಯೂ ಕೋಶಗಳೇ ತಾನೇ?"

"ಅಡಿಯಿಂದ ಮುಡಿಯವರೆಗೆ ಮೇಡಂ!"

ಹೆಡ್‌ಮಿಸ್ ಟೆಯೋಫಿಲ್ಲರ ಕೈ ಕುಲುಕಿ, ಬಾಗಿಲು ತೆರೆದು ಕೂಗಿದರು: "ವಾಲೆಂಟಿಯವರೇ, ಸ್ಟಾಫ್‌ರೂಮಿನಲ್ಲಿರೋ ಒಂದೇ ಒಂದು ಹೀಟರನ್ನೂ ಆರಿಸಿಬಿಡಿ! ಇನ್ನು ಈ ಶಾಲೇಲಿ ಎಲ್ಲೂ ಹೀಟರ್ ಬೇಡ. ಅದು ಮೈಗೆ ಕೆಟ್ಟದ್ದು ಅಂತ ನಮ್ಮ ಟೆಯೋಫಿಲ್ ಮೇಷ್ಟ್ರೇ ಸಾಬೀತು ಮಾಡಿದ್ದಾರೆ."

ಟೆಯೋಫಿಲ್ ಮೆಲ್ಲಗೆ ಮೇಜಿನ ಹಿಂದೆ ಸರಿದರು. ಆ ಕೊರೆಯುವ ಚಳಿಯಲ್ಲೂ ವಾಲೆಂಟಿ ಮೇಷ್ಟ್ರು ಕೋಟು ಬಿಚ್ಚಿ, ತೋಳು ಮಡಚುತ್ತ ಅವರತ್ತಲೇ ಬರುತ್ತಿದ್ದರು.