ಕುರಿ ಬಿಡಿಸಿ ಕುರ್ಚಿ ಕೊಟ್ಟೆ

ಮಕ್ಕಳನ್ನು ಓದಿಸುವುದಕ್ಕೆ ನಾವೇ ಓದಿರಬೇಕೆಂದೇನೂ ಇಲ್ಲ. ನಾಲ್ಕನೇ ಕ್ಲಾಸಿನಲ್ಲೇ ಶಾಲೆಗೆ ಕೈಮುಗಿದು ಕಂಬಳಿ ಮಗ್ಗದ ಗುಂಡಿಗೆ ಕಾಲಿಳಿಸಿದವನು ನಾನು. ನಾನು ನೇಯ್ದ ಕಂಬಳಿಯೊಳಗೆ ಒಂದು ಹನಿ ಮಳೆ ಇಳಿದರೆ ಮೀಸೆ ಬೋಳಿಸುತ್ತೇನೆ! ಇಂಥವನಿಗೆ ಹತ್ತನೇ ಕ್ಲಾಸಿನ ಮಗಳನ್ನು ಓದಿಸುವುದು ಯಾವ ಲೆಕ್ಕ?

ಎಪ್ಪತ್ತರ ದಶಕದ ಮಾತು. ತುರುವನೂರು ಕಡೆಯ ನಮ್ಮ ಹಳ್ಳಿಯಲ್ಲಿ ಹೆಣ್ಣುಮಕ್ಕಳು ಹೈಸ್ಕೂಲು ಮುಟ್ಟುವುದೇ ಅಪರೂಪ. ನನ್ನ ಮಗಳು ಕೆಂಚಮ್ಮ ಮಾತ್ರ ಪ್ರತಿ ವರ್ಷ ಕ್ಲಾಸಿಗೇ ಮೊದಲು. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದರೆ ದುರ್ಗದಲ್ಲಿ ಕಾಲೇಜು, ಹಾಸ್ಟೆಲು ಎಲ್ಲ ಕೊಡಿಸುತ್ತೇನೆಂದು ಹೆಡ್‌ಮಾಸ್ಟರು ಮಾತು ಕೊಟ್ಟಿದ್ದರು. ಬಾರದಿದ್ದರೆ ಮದುವೆ ಎಂದು ನನ್ನ ಹೆಂಡತಿಯ ತಮ್ಮ ಹೊಸ ಪಂಚೆ ತಂದಿಟ್ಟುಕೊಂಡಿದ್ದ.

ಹೀಗಿರುವಾಗ ಆ ಹುಡುಗಿ ಬೆಳಗ್ಗೆ, ಸಂಜೆ ಪುಸ್ತಕ ಹಿಡಿದು ಗಟ್ಟಿಯಾಗಿ ಪಾಠ ಹೇಳಿಕೊಳ್ಳುತ್ತ ಕುರಿ ಕಾಯುವುದೇ? ನನ್ನ ಮಾನ ಏನಾಗಬೇಕು!

ತಕ್ಷಣದಿಂದ ಜಾರಿಗೆ ಬರುವಂತೆ ಆಜ್ಞೆ ಹೊರಡಿಸಿದೆ. ಕುರಿಗಳು ನನ್ನ ಸುಪರ್ದಿಗೆ. ಜೋಳದ ಕೋಣೆ ಖಾಲಿ. ದುರ್ಗದಿಂದ ಬಸ್ಸಿನ ಮೇಲೆ ಹೇರಿಕೊಂಡು ತಂದ ಕುರ್ಚಿ ಒಳಗೆ. ಸದ್ದು ಬರಬಾರದೆಂದು ಕಿಟಕಿ ಬಂದ್, ಕೋಳಿಗಳು ಗಡೀಪಾರು, ಹೊರಗಿನಿಂದ ಚಿಲಕ!

ಹೆಂಡತಿ ಹನುಮಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಲ್ರಿ, ಒಳಗಿರೋದು ಓದೋ ಹುಡುಗಿನೋ, ಬಾಣಂತಿನೋ?"

"ನಿಂಗೇನ್ ಗೊತ್ತಾಗ್ತೈತೆ ವಿದ್ಯೆ ವಿಚಾರ!" ಎಂದು ಗದರಿಸಿ ಕುರಿ ಹೊಡೆದುಕೊಂಡು ಹೊರಟೆ.

ಹಟ್ಟಿ ದಾಟುವವರೆಗೆ ಕುರಿಗಳು ಮರ್ಯಾದೆಯಿಂದ ಬಂದವು. ಆಮೇಲೆ ನಿಂತು ನನ್ನ ಮುಖ ನೋಡಿದವು. ನಮ್ಮಪ್ಪ ಕೂಗುತ್ತಿದ್ದ ಹಾಗೆ ನಾಲಿಗೆ ಮಡಚಿ ಕೂಗಿದೆ. ಗುಂಪಿಗೆ ಗುಂಪೇ ಪಕ್ಕದ ತಿಪ್ಪಣ್ಣನ ಕಡಲೆ ಹೊಲಕ್ಕೆ ನುಗ್ಗಿತು!

"ಏನಣ್ಣ, ನಿನ್ನ ಕುರಿಗೆ ನಿನ್ನ ಗುರುತು ಐತೋ ಇಲ್ವೋ?" ತಿಪ್ಪಣ್ಣ ದೊಣ್ಣೆ ಹಿಡಿದು ಓಡಿ ಬಂದ. "ನಿನ್ನ ಮಗಳು ಪಾಠ ಹೇಳ್ತಿದ್ರೆ ತಲೆ ತಗ್ಗಿಸ್ಕಂಡು ಹಿಂದೆ ಹೋಗ್ತಿದ್ವಪ್ಪ. ನೀನೂ ಏನಾರ ಹೇಳು!"

ಕಡಲೆ ಉಳಿಯಬೇಕಲ್ಲ! ನನ್ನ ವಿದ್ಯಾಭಂಡಾರ ತಡಕಾಡಿದೆ. ಎರಡರ ಮಗ್ಗಿ ಸಿಕ್ಕಿತು. ಎದೆಯುಬ್ಬಿಸಿ ಕೂಗಿದೆ. ಕುರಿಗಳು ಇನ್ನೂ ಜೋರಾಗಿ ಓಡಿದವು.

"ಲೇ, ಹತ್ತನೇ ಕ್ಲಾಸಿನ ಕುರಿಗೆ ಎರಡರ ಮಗ್ಗಿ ಹೇಳ್ತೀಯಲ್ಲೋ!" ತಿಪ್ಪಣ್ಣ ತಲೆಯ ಮೇಲೆ ಕೈಹೊತ್ತು ಬದುವಿನ ಮೇಲೆ ಕುಳಿತ.

ಇಷ್ಟಾದರೂ ಮನೆಯಲ್ಲಿ ವಿದ್ಯೆ ಬೆಳೆಯುತ್ತಿದೆಯೆಂದು ಸಮಾಧಾನ ಮಾಡಿಕೊಂಡೆ. ಪ್ರಿಪರೇಟರಿ ಪರೀಕ್ಷೆ ಮುಗಿಯಿತು. ಹೆಡ್‌ಮಾಸ್ಟರು ಹೇಳಿ ಕಳಿಸಿದರು. ಹೊಗಳುವುದಕ್ಕೇ ಇರಬೇಕೆಂದು ಇಸ್ತ್ರಿ ಅಂಗಿ ತೊಟ್ಟು ಹೋದೆ.

"ಎಲ್ಲದರಲ್ಲೂ ಅಂಚಿನಲ್ಲಿ ಪಾಸಾಗ್ಯಾಳೆ. ಮನೇಲಿ ಏನ್ ಮಾಡಿದ್ರಿ?"

ನಾನು ಕುರ್ಚಿಯ ವರ್ಣನೆ ಆರಂಭಿಸುವಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಕೆಂಚಮ್ಮ ಬಿಕ್ಕಿದಳು.

"ಕುಂತ್ರೆ ನಂಗೆ ತಲೇಗೆ ಹತ್ತಲ್ಲಪ್ಪ. ನಡ್ಕಂತ ಓದಿದ್ರೇನೇ ನೆನಪುಳಿಯೋದು. ಆ ಕೋಣೇಲಿ ಯಾವ ಪುಟ ತೆಗೆದ್ರೂ ನಿನ್ನ ಮುಖಾನೇ ಕಾಣ್ತೈತೆ, ಫಸ್ಟ್ ಬಾ, ಫಸ್ಟ್ ಬಾ ಅಂತ. ಕುರಿ ಒಂದಿನಾನೂ ಹಂಗಂದಿಲ್ಲ."

ಕುರಿಯ ಮುಂದೆ ನಾನು ಫೇಲ್!

ಅವತ್ತು ಸಂಜೆಯೇ ಕುರಿಗಳನ್ನು ಸಕಲ ಮರ್ಯಾದೆಯೊಂದಿಗೆ ಮಗಳಿಗೆ ಒಪ್ಪಿಸಿದೆ. ಮತ್ತೆ ಬಯಲಿನಲ್ಲಿ ಅವಳ ದನಿ ಕೇಳಿತು. ಹನುಮಕ್ಕ ಜೋಳವನ್ನು ಕೋಣೆಗೆ ತುಂಬಿದಳು. ಬೇಸಿಗೆಯಲ್ಲಿ ರಿಸಲ್ಟು ಬಂತು. ಫಸ್ಟ್ ಕ್ಲಾಸ್! ಅವಳ ಸೋದರಮಾವ ಹೊಸ ಪಂಚೆ ಉಟ್ಟುಕೊಂಡೇ ಸಿಹಿ ಹಂಚಿದ.

ಹೈಸ್ಕೂಲಿನಲ್ಲಿ ಸನ್ಮಾನ. "ಮಗಳನ್ನ ಹೆಂಗೆ ಓದಿಸಿದ್ರಿ ಅಂತ ಎಲ್ಲರಿಗೂ ನಾಕು ಮಾತು ಹೇಳ್ರಿ" ಎಂದು ಹೆಡ್‌ಮಾಸ್ಟರು ವಾರದ ಮೊದಲೇ ಹೇಳಿದ್ದರು; ಆ ದಿನ ನನ್ನನ್ನು ಮೈಕಿನ ಮುಂದೆ ನಿಲ್ಲಿಸಿದರು. ವಾರವಿಡೀ ಮಗ್ಗದ ಗುಂಡಿಯಲ್ಲಿ ಕುಳಿತು ಬಾಯಿಪಾಠ ಮಾಡಿದ ಭಾಷಣ! ಸಭೆ ಗಪ್‌ಚಿಪ್. ನನ್ನ ತಲೆಯೂ ಗಪ್‌ಚಿಪ್. ಒಂದು ಅಕ್ಷರ ಬರಲೊಲ್ಲದು!

ಮುಂದಿನ ಸಾಲಿನಲ್ಲಿ ಹಾರ ಹಾಕಿಕೊಂಡು ಕುಳಿತಿದ್ದ ಕೆಂಚಮ್ಮನಿಗೆ ನನ್ನ ಮೇಲೆ ಕರುಣೆ ಬಂತು.

"ಅಪ್ಪ, ಸ್ವಲ್ಪ ಅಡ್ಡಾಡ್ಕಂತ ಹೇಳು, ಬರ್ತೈತೆ!"

ಅಡ್ಡಾಡಿದೆ. ಆ ತುದಿಯಿಂದ ಈ ತುದಿಗೆ ಅಡ್ಡಾಡಿದೆ. ಮೆಟ್ಟಿಲಿಳಿದು, ಗೇಟು ದಾಟಿ, ಸೀದಾ ಮನೆಯವರೆಗೂ ಅಡ್ಡಾಡಿದೆ.

ಬರಲಿಲ್ಲ!