ನಮ್ಮ ಚಿಕ್ಕಜ್ಜಿಯ ಅಂತಾರಾಷ್ಟ್ರೀಯ ಪತ್ರಿಕೆ

ಮಳವಳ್ಳಿ ತಾಲ್ಲೂಕಿನಿಂದ ಹೊರಡುವ ಏಕೈಕ ಅಂತಾರಾಷ್ಟ್ರೀಯ ಪತ್ರಿಕೆಯ ಸಂಪಾದಕಿ ನಮ್ಮ ಚಿಕ್ಕಜ್ಜಿ. ಇಡೀ ತಾಲ್ಲೂಕಿನಲ್ಲಿ ಆ ಪತ್ರಿಕೆಯನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲವರು ಒಬ್ಬರೇ ಒಬ್ಬರು. ಅದೂ ಅವಳೇ! ಹೀಗಾಗಿ ಇಷ್ಟು ವರ್ಷಗಳಲ್ಲಿ ಊರಿನ ಯಾರೂ ಅವಳ ಸಂಪಾದಕೀಯವನ್ನು ಖಂಡಿಸಿಲ್ಲ, ಕಚೇರಿಗೆ ಕಲ್ಲು ಹೊಡೆದಿಲ್ಲ, ಜಾಹೀರಾತು ವಾಪಸ್ಸು ಪಡೆದಿಲ್ಲ. ಇಷ್ಟು ನೆಮ್ಮದಿಯ ಪತ್ರಿಕೋದ್ಯಮ ಈ ದೇಶದಲ್ಲಿ ಇನ್ನೆಲ್ಲಿದೆ ಹೇಳಿ?

ಚಿಕ್ಕಜ್ಜಿ ಎಂದರೆ ನನ್ನ ತಾತನ ತಮ್ಮನ ಹೆಂಡತಿ. ಹುಟ್ಟಿದ್ದು ಪೋಲೆಂಡಿನಲ್ಲಿ. ಮಹಾಯುದ್ಧದಲ್ಲಿ ಮನೆಮಠ ಕಳೆದುಕೊಂಡು, ರಷ್ಯಾದ ಚಳಿ, ಇರಾನಿನ ಬಿಸಿಲು ಎಲ್ಲ ದಾಟಿ, ಕೊಲ್ಲಾಪುರದ ಹತ್ತಿರದ ನಿರಾಶ್ರಿತರ ಶಿಬಿರಕ್ಕೆ ಬಂದು ಬಿದ್ದ ಮಕ್ಕಳಲ್ಲಿ ಒಬ್ಬಳು. ಬೆಳೆದು ಪುಣೆಯಲ್ಲಿ ನರ್ಸ್ ಆದಳು. ಕರೆಂಟಿನ ಕೆಲಸ ಕಲಿಯಲು ಅಲ್ಲಿಗೆ ಹೋಗಿದ್ದ ನಮ್ಮ ಚಿಕ್ಕತಾತ, ಕಲಿಯಬೇಕಾದ್ದಕ್ಕಿಂತ ಹೆಚ್ಚು ಕರೆಂಟನ್ನು ಕೈಗೆ ಹೊಡೆಸಿಕೊಂಡು ಅವಳ ವಾರ್ಡಿನಲ್ಲೇ ಹೋಗಿ ಮಲಗಿದ. ಕೈ ವಾಸಿಯಾಗುವಷ್ಟರಲ್ಲಿ ಕೈ ಹಿಡಿದಿದ್ದ. ಆಮೇಲೆ ಮಳವಳ್ಳಿ ಹತ್ತಿರದ ಬ್ಲಫ್‌ನ ವಿದ್ಯುತ್ ಕೇಂದ್ರದಲ್ಲಿ ನೌಕರಿ, ಕ್ವಾರ್ಟರ್ಸು. ನಿವೃತ್ತಿಯಾದ ಮೇಲೆ ಮಳವಳ್ಳಿಯಲ್ಲಿ ಮನೆ. ಅವನು ಹೋಗಿ ಬಹಳ ಕಾಲವಾಯಿತು.

ಇದೆಲ್ಲ ನಾನು ಕೇಳಿದ್ದು. ಕೇಳಿದ್ದನ್ನು ಆಗಿಂದಾಗ್ಗೆ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಆದರೆ ಡೈರಿ ಬರೆದವನೂ ನಾನೇ ಆದ್ದರಿಂದ ಅದನ್ನು ಪೂರ್ತಿ ನಂಬುವ ಧೈರ್ಯ ನನಗಿಲ್ಲ. ಚಿಕ್ಕತಾತನಿಗೆ ಶಾಕ್ ಹೊಡೆದದ್ದು ಬಲಗೈಗೆ ಎಂದು ಬರೆದುಕೊಂಡಿದ್ದೆ. ನಮ್ಮವ್ವ ಎಡಗೈ ಎನ್ನುತ್ತಾಳೆ. ಚಿಕ್ಕಜ್ಜಿಯನ್ನೇ ಕೇಳಿದರೆ, "ಶಾಕು ಒಡೆದಿದ್ದು ತಲೆಗೆ ಕಣ್ಲಾ, ಇಲ್ದಿದ್ರೆ ನನ್ನ ಮದ್ವೆ ಆಯ್ತಿದ್ನಾ?" ಎನ್ನುತ್ತಾಳೆ.

ಹೌದು, ಅವಳ ಕನ್ನಡ ಇದೇ. ತೊಂಬತ್ತು ದಾಟಿದ, ನೀಲಿ ಕಣ್ಣಿನ, ಸುಣ್ಣದಷ್ಟು ಬಿಳುಪಿನ ಮುದುಕಿಯ ಬಾಯಲ್ಲಿ ಈ ಮಾತು ಕೇಳಿ ಬೆಚ್ಚದವರಿಲ್ಲ. ಒಮ್ಮೆ ಬ್ಯಾಂಕಿಗೆ ಹೊಸದಾಗಿ ಬಂದ ಅಧಿಕಾರಿಯೊಬ್ಬ ಎದ್ದು ನಿಂತು, ತನ್ನ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ, ತಾವು ಯಾವ ದೇಶದವರು, ಪ್ರವಾಸ ಹೇಗಿದೆ ಎಂದು ವಿಚಾರಿಸಿದ. ಚಿಕ್ಕಜ್ಜಿ ಕುರ್ಚಿ ಎಳೆದುಕೊಂಡು ಕೂತಳು. "ಮಳವಳ್ಳಿ ಕಣಪ್ಪ. ಪೆನ್ಸನ್ ಕೊಡ್ತೀಯೋ, ಇಲ್ಲಾ ಜಾತ್ಕ ಕೇಳ್ಕಂಡು ಕೂತಿರ್ತೀಯೋ?" ಆ ಅಧಿಕಾರಿ ಅಂದಿನಿಂದ ಯಾರ ಜೊತೆಗೂ ಇಂಗ್ಲಿಷ್ ಮಾತಾಡಿಲ್ಲವಂತೆ!

ಇನ್ನು ಪತ್ರಿಕೆಯ ಭಾಷೆ. ಅದು ಪೋಲಿಷ್ ಅಲ್ಲ, ಇಂಗ್ಲಿಷ್ ಅಲ್ಲ, ಎಸ್ಪೆರಾಂಟೊ. ಪೋಲೆಂಡಿನ ಕಡೆಯವರೇ ಆದ ಕಣ್ಣಿನ ಡಾಕ್ಟರೊಬ್ಬರು ಕೂತು ಕಟ್ಟಿದ ಭಾಷೆ. ಲೋಕದ ಜನರೆಲ್ಲ ಒಂದೇ ಭಾಷೆಯಲ್ಲಿ ಮಾತಾಡಿದರೆ ಜಗಳವೇ ಇರುವುದಿಲ್ಲ ಎಂಬುದು ಅವರ ಆಸೆ. ಪಾಪ, ಒಂದೇ ಭಾಷೆಯಲ್ಲಿ ಮಾತಾಡುವ ನಮ್ಮೂರು ಕೊಪ್ಪದ ದಾಯಾದಿಗಳನ್ನು ಆ ಪುಣ್ಯಾತ್ಮರು ನೋಡಿರಲಿಲ್ಲ! ಚಿಕ್ಕಜ್ಜಿಯ ಅಪ್ಪ ಹಳ್ಳಿಯ ಮೇಷ್ಟ್ರು. ಆ ಮಾತನ್ನು ನಂಬಿ, ಮಗಳಿಗೂ ಅವಳಿಗಿಂತ ಚಿಕ್ಕವನಾದ ಮಗನಿಗೂ ಮನೆಯಲ್ಲಿ ಎಸ್ಪೆರಾಂಟೊ ಕಲಿಸಿದರು. ಪಾಠ ಮುಗಿಯುವ ಮೊದಲೇ ಯುದ್ಧ ಬಂತು. ಅಪ್ಪ ಅಮ್ಮ ದಾರಿಯಲ್ಲಿ ತೀರಿಕೊಂಡರು. ಯಾವುದೋ ಸ್ಟೇಷನ್ನಿನಲ್ಲಿ ಗಂಡುಮಕ್ಕಳನ್ನು ಒಂದು ರೈಲಿಗೆ, ಹೆಣ್ಣುಮಕ್ಕಳನ್ನು ಇನ್ನೊಂದು ರೈಲಿಗೆ ಹತ್ತಿಸಿದರು. ತಮ್ಮನ ರೈಲು ಎಲ್ಲಿಗೆ ಹೋಯಿತೆಂದು ಚಿಕ್ಕಜ್ಜಿಗೆ ಇವತ್ತಿಗೂ ಗೊತ್ತಿಲ್ಲ.

"ನಿಮ್ಮ ಭಾಷೇಲೇ ಪತ್ರಿಕೆ ಮಾಡಬಹುದಿತ್ತಲ್ಲ ಅಜ್ಜಿ?" ಎಂದು ನಾನು ಕಾಲೇಜಿನಲ್ಲಿದ್ದಾಗ ಕೇಳಿದ್ದೆ.

"ನನ್ನ ತಮ್ಮನ್ನ ರಸ್ಯದೋರು ಸಾಕ್ಕಂಡಿದ್ರೆ ರಸ್ಯದ ಮಾತಾಡ್ತಾ ಇರ್ತಾನೆ. ಅಮೇರಿಕಕ್ಕೆ ಓಗಿದ್ರೆ ಇಂಗ್ಲೀಸು. ನಮ್ ಭಾಸೆ ಮರ್ತೇ ಓಗಿರಬೌದು. ಯಾವ ಮಾತಲ್ಲಿ ಕೂಗ್ಲಿ ಹೇಳ್ಲಾ? ಅಪ್ಪ ಕಲ್ಸಿದ್ದ ಮಾತ್ರ ಮರ್ತಿರಕ್ಕಿಲ್ಲ."

ಇಷ್ಟಕ್ಕೇ ಒಂದು ಪತ್ರಿಕೆ, ಎಸ್ಪೆರಾಂಟೊ ಬಲ್ಲ ಹೊರದೇಶದವರಿಗೆಲ್ಲ ಅಂಚೆಯಲ್ಲಿ! ಪ್ರತಿ ಸಂಚಿಕೆಯ ಕೊನೆಯ ಪುಟದಲ್ಲಿ ತಮ್ಮನ ಹೆಸರು, ಅವನಿಗೊಂದು ಕರೆ, ಜೊತೆಗೆ ಮನೆಗೆ ಬರುವ ದಾರಿ. ಮದ್ದೂರಿನಲ್ಲಿ ರೈಲಿಳಿದು ಮಳವಳ್ಳಿ ಬಸ್ಸು ಹತ್ತಬೇಕು, ಅದು ಸಿಗದಿದ್ದರೆ ಕೊಳ್ಳೇಗಾಲದ್ದೂ ಆಗುತ್ತದೆ, ಸೀಟಿಗೆ ಟವೆಲ್ ಹಾಕುವುದನ್ನು ಮರೆಯಬಾರದು ಎಂಬ ವಿವರಗಳೆಲ್ಲ ಅಂತಾರಾಷ್ಟ್ರೀಯ ಭಾಷೆಯಲ್ಲಿವೆ.

ಉಳಿದ ಪುಟಗಳನ್ನು ಏನಾದರೂ ಹಾಕಿ ತುಂಬಿಸಬೇಕಲ್ಲ? ಭಾರತೀನಗರದ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳ ಸಾಲು ಎಲ್ಲಿಯವರೆಗೆ ಬಂದಿದೆ, ಹಾಲಿನ ಡೇರಿಯ ಚುನಾವಣೆಯಲ್ಲಿ ಯಾರು ಯಾರ ಕಾಲೆಳೆದರು, ಮುದ್ದೆ ಗಂಟಾಗದಂತೆ ತೊಳಸುವುದು ಹೇಗೆ, ಕನ್ನಂಬಾಡಿ ಕಟ್ಟೆಯಲ್ಲಿ ನೀರು ಎಷ್ಟಿದೆ. ಒಂದು ಬೇಸಿಗೆಯಲ್ಲಿ ಹಂಗೇರಿಯ ಓದುಗರೊಬ್ಬರು, ಕಟ್ಟೆ ತುಂಬುವ ಲಕ್ಷಣವಿದೆಯೇ, ನಾಲೆಗೆ ನೀರು ಬಿಡುತ್ತಾರೆಯೇ ಎಂದು ಆತಂಕದಿಂದ ಬರೆದಿದ್ದರು. ನಮ್ಮ ಶಾಸಕರಿಗೂ ಇಲ್ಲದ ಆತಂಕ!

ಪತ್ರಿಕೆ ಅಚ್ಚಾಗುವುದು ಮದುವೆ ಪತ್ರಿಕೆ, ತಿಥಿ ಕಾರ್ಡು ಮಾಡುವ ಒಂದು ಪ್ರೆಸ್ಸಿನಲ್ಲಿ. ಎಸ್ಪೆರಾಂಟೊದ ಕೆಲವು ಅಕ್ಷರಗಳ ತಲೆಯ ಮೇಲೆ ಪುಟ್ಟ ಟೋಪಿಯಂಥ ಗುರುತಿರುತ್ತದೆ. ಪ್ರೆಸ್ಸಿನಲ್ಲಿ ಅದಿರಲಿಲ್ಲ. "ಟೋಪಿ ಇಲ್ದಿದ್ರೆ ಏನಾಯ್ತದೆ ಅಜ್ಜಿ, ಬುಡಿ" ಎಂದ ಪ್ರೆಸ್ಸಿನವನಿಗೆ, "ನಿನ್ನ ಹೆಂಡ್ರ ಹೆಸ್ರಲ್ಲಿ ಒಂದಕ್ಸರ ಬುಟ್ಟು ಕೂಗು, ಏನಾಯ್ತದೆ ನೋಡವ" ಎಂದಳು. ಕೊನೆಗೆ ಅಚ್ಚಾದ ಪ್ರತಿಗಳೆಲ್ಲ ಮನೆಗೆ ಬರುತ್ತಿದ್ದವು. ಬೇಸಿಗೆ ರಜೆಗೆ ಹೋದ ಮೊಮ್ಮಕ್ಕಳೆಲ್ಲ ಸಾಲಾಗಿ ಕೂತು, ಕಪ್ಪು ಪೆನ್ನು ಹಿಡಿದು, ಒಂದೊಂದೇ ಅಕ್ಷರಕ್ಕೆ ಟೋಪಿ ತೊಡಿಸಬೇಕು. ಉಳಿದವರ ಮಕ್ಕಳು ರಜೆಯಲ್ಲಿ ಈಜು ಕಲಿತರು. ನಾವು ಟೋಪಿ ಹಾಕುವುದನ್ನು ಕಲಿತೆವು. ಬೇಸತ್ತ ನಮ್ಮಣ್ಣ ಒಂದು ಸಲ ಕಣ್ಣಿಗೆ ಬಿದ್ದ ಅಕ್ಷರಕ್ಕೆಲ್ಲ ಟೋಪಿ ಹಾಕಿ ಎದ್ದುಬಿಟ್ಟ. ಆ ಪ್ರತಿ ಜಪಾನಿಗೆ ಹೋಯಿತು. ಅಲ್ಲಿಂದ ಬಂದ ಉತ್ತರವನ್ನು ಚಿಕ್ಕಜ್ಜಿ ಗಟ್ಟಿಯಾಗಿ ಓದಿ ಅರ್ಥ ಹೇಳಿದಳು: "ನಿಮ್ಮ ಊರಿನಲ್ಲಿ ಭೂಕಂಪವಾಯಿತೆ?" (ಹೀಗೆ ಮಾಡಿದ್ದು ತಾನಲ್ಲ, ನಾನು ಎಂದು ಅಣ್ಣ ಈಗಲೂ ವಾದಿಸುತ್ತಾನೆ. ಇರಬಹುದು. ನನ್ನನ್ನು ಪೂರ್ತಿ ನಂಬಬಾರದು ಎಂದು ಆಗಲೇ ಹೇಳಿದೆನಲ್ಲ.)

ಈಚೆಗೆ ಟೋಪಿಗಳನ್ನು ಕಂಪ್ಯೂಟರೇ ಹಾಕುತ್ತಿತ್ತು. ಆದರೆ ಬರೆಯುವುದು, ತಿದ್ದುವುದು ಎಲ್ಲ ಚಿಕ್ಕಜ್ಜಿಯದೇ ಆಗಿತ್ತು. ಹೋದ ಬೇಸಿಗೆಯಲ್ಲಿ ಕಣ್ಣಿನ ಡಾಕ್ಟರು ಇನ್ನು ಓದುವ ಆಸೆ ಬಿಡಿ ಎಂದುಬಿಟ್ಟರು. ಪತ್ರಿಕೆ ನಿಂತಿತು. ಕಣ್ಣಿನ ಡಾಕ್ಟರೊಬ್ಬರು ಶುರು ಮಾಡಿದ್ದನ್ನು ಇನ್ನೊಬ್ಬ ಕಣ್ಣಿನ ಡಾಕ್ಟರು ನಿಲ್ಲಿಸಿದರು ಎಂದು ನಾನು ತಮಾಷೆ ಮಾಡಿದೆ. ಅವಳು ನಗಲಿಲ್ಲ.

ಪಿತೃಪಕ್ಷ ಬಂತು. ನಮ್ಮ ಕಡೆ ಸತ್ತವರಿಗೆ ಎಡೆ ಇಡುವಾಗ ಅವರು ಇಷ್ಟಪಟ್ಟು ತಿನ್ನುತ್ತಿದ್ದುದೆಲ್ಲ ಇರಬೇಕು, ಪಕ್ಕದಲ್ಲಿ ಹೊಸ ಬಟ್ಟೆಯೂ ಇರಬೇಕು. ಊಟ ಹಿರಿಯರಿಗೆ, ಬಟ್ಟೆ ಕೊನೆಗೆ ಕಿರಿಯರಿಗೆ. ಹೀಗಾಗಿ ಪ್ರತಿ ವರ್ಷವೂ ಸತ್ತವರ ಸೊಂಟದ ಸುತ್ತಳತೆ ಬದುಕಿದವರ ಸೊಂಟಕ್ಕೆ ಸರಿಯಾಗಿ ಹೊಂದುತ್ತದೆ! ಪಂಚೆ ಬಿಟ್ಟು ಬೇರೇನನ್ನೂ ಉಡದೆ ತೀರಿಕೊಂಡ ನನ್ನ ಮುತ್ತಾತನ ಎಡೆಗೆ ಅಣ್ಣ ಜೀನ್ಸ್ ಪ್ಯಾಂಟು ಇಡಿಸಿದ್ದ.

ಚಿಕ್ಕಜ್ಜಿಯೂ ಎಲ್ಲರಿಗೂ ಎಡೆ ಇಡುತ್ತಾಳೆ. ಚಿಕ್ಕತಾತನಿಗೆ, ತನ್ನ ಅಪ್ಪ ಅಮ್ಮನಿಗೆ. ತಮ್ಮನಿಗೆ ಮಾತ್ರ ಇಲ್ಲ. ನಮ್ಮವ್ವ ಪ್ರತಿ ವರ್ಷ ಮೆತ್ತಗೆ ಕೇಳುವಳು: "ಅತ್ತೆ, ಇಷ್ಟು ವರ್ಸ ಆಯ್ತು. ಅದೂ ಒಂದು ಜೀವ. ಅಸ್ಕಂಡಿರ್ತದೆ. ಒಂದು ಎಲೆ ಆಕ್ಬುಡನ." ಚಿಕ್ಕಜ್ಜಿ ಪ್ರತಿ ವರ್ಷ ಗುಡುಗುವಳು: "ಬದ್ಕಿರೋನ್ಗೆ ಎಡೆ ಇಕ್ತೀಯೇನಮ್ಮಿ? ನಿನ್ನ ತಮ್ಮನ್ಗೆ ಇಕ್ಕೋಗು!" ಅಲ್ಲಿಗೆ ಅತ್ತೆ ಸೊಸೆ ಮಾತು ಬಿಡುವರು, ಮಾಂಸದ ಸಾರಿನ ಉಪ್ಪು ನೋಡುವ ಹೊತ್ತಿಗೆ ಮತ್ತೆ ಒಂದಾಗುವರು.

ಈ ವರ್ಷ ಅವ್ವ ಕೇಳಲೇ ಇಲ್ಲ. ಚಿಕ್ಕಜ್ಜಿಯೇ ಎಂದಳು: "ಪತ್ರಿಕೆ ನಿಂತೋದ ಮ್ಯಾಕೆ ಅವನ್ಗೆ ದಾರಿ ಹೇಳೋರ್ಯಾರು? ಇಕ್ಬುಡನ ಬುಡು." ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು. ಬಟ್ಟೆಯನ್ನು ತಾನೇ ಆರಿಸಬೇಕೆಂದು ಚಿಕ್ಕಜ್ಜಿ ಹಟ ಹಿಡಿದದ್ದರಿಂದ ನಾನು ಅವಳನ್ನು ಮಂಡ್ಯಕ್ಕೆ ಕರೆದುಕೊಂಡು ಹೋದೆ.

ಬಟ್ಟೆ ಅಂಗಡಿಯ ತುಂಬ ಸತ್ತವರ ಪರವಾಗಿ ಚೌಕಾಸಿ ಮಾಡುವವರು. "ಯಾರ್ಗಜ್ಜಿ?" ಎಂದ ಅಂಗಡಿಯವನು.

"ನನ್ನ ತಮ್ಮನ್ಗೆ. ಎಡೆಗೆ."

"ಸೈಜು?"

ವಾಡಿಕೆಯಂತೆ ನನ್ನ ಸೈಜು ಹೇಳಿದೆ. ಚಿಕ್ಕಜ್ಜಿ ಅಲ್ಲವೆಂದು ತಲೆಯಾಡಿಸಿದಳು. ಆಗ ನನಗೆ ಹೊಳೆಯಿತು: ರೈಲು ಹತ್ತಿದ ಆ ಪುಟ್ಟ ಹುಡುಗನ ಅಳತೆಯ ಅಂಗಿ ಕೇಳುತ್ತಾಳೆ! ವಿಶ್ವವಿದ್ಯಾಲಯದಲ್ಲಿ ಓದಿದವನಲ್ಲವೇ, ರಾತ್ರಿ ಡೈರಿಗೆ ಬೇಕಾದ ವಾಕ್ಯವನ್ನೂ ಮನಸ್ಸಿನಲ್ಲಿ ಹೊಂದಿಸಿಕೊಂಡುಬಿಟ್ಟೆ.

ಅವಳು ಕೈಯನ್ನು ನನ್ನ ತಲೆಗಿಂತ ಒಂದು ಗೇಣು ಮೇಲೆ ಹಿಡಿದಳು. "ನಮ್ಮಪ್ಪ ಇಷ್ಟುದ್ದ ಇದ್ದ. ಅವ್ನೂ ಅಷ್ಟೇ ಬೆಳ್ದಿರ್ತಾನೆ. ಈಗ ವಯಸ್ಸಾಗದೆ, ವಸಿ ಕುಗ್ಗಿರ್ತಾನೆ. ದೊಡ್ದೇ ಕೊಡಪ್ಪ. ತುಂಬು ತೋಳಿಂದು. ಅವನ್ಗೆ ಚಳಿ ತಡ್ಯಕ್ಕಾಗಕ್ಕಿಲ್ಲ."

ಅಂಗಡಿಯವನು ಅಂಗಿ ಬಿಡಿಸಿದ. ಅವಳು ಕಣ್ಣಿಗೆ ಹತ್ತಿರ ಹಿಡಿದಳು, ಕಾಣಲಿಲ್ಲ. ಕೈಯಲ್ಲೇ ಭುಜದ ಅಳತೆ ನೋಡಿದಳು, ತೋಳಿನ ಉದ್ದ ಸವರಿದಳು. ಕಟ್ಟಲು ಕೊಟ್ಟವಳು ಮತ್ತೆ ಅವನ ಕೈ ಹಿಡಿದು ನಿಲ್ಲಿಸಿದಳು.

"ಅಳ್ತೆ ಆಗ್ದಿದ್ರೆ ಬದ್ಲಾಯ್ಸಿ ಕೊಡ್ತೀಯಾ?"

ಅಂಗಡಿಯವನು ನನ್ನ ಮುಖ ನೋಡಿದ. ಪಿತೃಪಕ್ಷದಲ್ಲಿ ಯಾರೂ ಅವನನ್ನು ಹಾಗೆ ಕೇಳಿರಲಾರರು.

"ಕೊಡ್ತೀನಿ ಅಜ್ಜಿ," ಎಂದ ಅವನು. "ನೀರು ಮುಟ್ಟಿಸ್ಬ್ಯಾಡಿ, ಬಿಲ್ಲು ಮಡಿಕ್ಕಳಿ. ಯಾವಾಗ್ ಬಂದ್ರೂ ಸರಿ, ಅವ್ರನ್ನೇ ಕರ್ಕಂಡು ಬನ್ನಿ."

ಚಿಕ್ಕಜ್ಜಿ ಬಿಲ್ಲನ್ನು ನಾಲ್ಕಾಗಿ ಮಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಗಂಟು ಭದ್ರವಾಗಿದೆಯೇ ಎಂದು ನನ್ನ ಕೈಯಲ್ಲೂ ಒಮ್ಮೆ ಎಳೆಸಿ ನೋಡಿದಳು.